ಮೊಳಕಾಲ್ಮೂರು ವಿಶ್ವವಿದ್ಯಾನಿಲಯದ ಮೂವರು ಪ್ರೊಫೆಸರುಗಳು

ಈ ಸಭೆಯ ಅಧ್ಯಕ್ಷರೂ, ಈ ಮನೆಯ ಯಜಮಾನರೂ, ನಾಲ್ಕು ಮಗ್ಗಗಳ ಒಡೆಯರೂ, ಆ ಕಾರಣದಿಂದಲೇ ಮೊಳಕಾಲ್ಮೂರು ವಿಶ್ವವಿದ್ಯಾನಿಲಯದ ಛಾನ್ಸಲರರೂ ಆದ ಶ್ರೀಮಾನ್ ಚಿನ್ನಯ್ಯನವರೇ, ಚಳ್ಳಕೆರೆಯಿಂದ ಗಾಡಿ ಕಟ್ಟಿಸಿಕೊಂಡು, ದಾರಿಯುದ್ದಕ್ಕೂ ಧೂಳು ಕುಡಿದು ಬಂದಿರುವ ಮುಖ್ಯ ಅತಿಥಿಗಳೂ, ಕಂಬಳಿ ವ್ಯಾಪಾರದ ಸಾಹುಕಾರರೂ ಆದ ಶಿವಮೂರ್ತಪ್ಪನವರೇ, ಪ್ರೊಫೆಸರುಗಳೇ, ಮುಂದಿನ ಸಾಲಿನಲ್ಲಿ ಕುಳಿತು, ನಾನು ಬಾಯಿ ತೆರೆಯುವ ಮೊದಲೇ ನನ್ನನ್ನು ದುರುಗುಟ್ಟಿ ನೋಡುತ್ತಿರುವ ನನ್ನ ತಾಯಿ ಬೋರಕ್ಕನವರೇ, ಮತ್ತು ಮಗ್ಗದ ಗುಂಡಿಗಳ ಮೇಲೆ ಹಾಸಿದ ಹಲಗೆಗಳ ಮೇಲೆ ಪ್ರಾಣದ ಹಂಗು ತೊರೆದು ಕುಳಿತಿರುವ ಸಭಿಕರೇ,

ತಮಗೆಲ್ಲ ವಂದನೆಗಳು. ಚಪ್ಪಾಳೆಯನ್ನು ದಯವಿಟ್ಟು ಮೆಲ್ಲಗೆ ತಟ್ಟಬೇಕು. ಈಗ ತಾನೇ ಸ್ವಾಗತ ಗೀತೆಗೆ ಜೋರಾಗಿ ತಟ್ಟಿದ ಒಬ್ಬರ ಒಂದು ಕಾಲು ಇನ್ನೂ ಗುಂಡಿಯೊಳಗೇ ಇದೆ. ಅವರು ಅದನ್ನು ಭಾಷಣ ಮುಗಿದ ಮೇಲೆ ತೆಗೆದುಕೊಳ್ಳುತ್ತೇನೆ ಎಂದಿದ್ದಾರೆ. ವಿದ್ಯೆಯ ಮೇಲಿನ ಇಂಥ ಭಕ್ತಿ ಬೇರೆಲ್ಲಿ ಸಿಕ್ಕೀತು?

ನನಗೆ ವಹಿಸಿರುವ ಕೆಲಸ ಒಂದೇ. ನಮ್ಮ ಮೂವರು ಪ್ರೊಫೆಸರುಗಳ ವಿದ್ಯಾಭ್ಯಾಸದ ಹಿನ್ನೆಲೆಯನ್ನು ಸಾಹುಕಾರರ ಮುಂದೆ ಅರಿಕೆ ಮಾಡುವುದು. ಯಾಕೆಂದರೆ ಸಾಹುಕಾರರು ಚಳ್ಳಕೆರೆಯಲ್ಲಿ ಹೆಣ್ಣುಮಕ್ಕಳಿಗಾಗಿ ಒಂದು ಶಾಲೆ ತೆರೆಯುತ್ತಿದ್ದಾರೆ. ಕಟ್ಟಡವಾಗಿದೆ, ಗಂಟೆ ತೂಗುಹಾಕಿದೆ, ಪಾಠ ಹೇಳುವವರು ಮಾತ್ರ ಇಲ್ಲ. ಈ ಭಾಷಣ ಮುಗಿದ ಮೇಲೆ ಮೂವರಲ್ಲಿ ಒಬ್ಬರನ್ನು ಆರಿಸಿಕೊಂಡು ಸಂಜೆಯ ತಂಪಿಗೇ ಗಾಡಿ ಹೊರಡಿಸುತ್ತಾರೆ. ನಾಳೆ ಬಿಸಿಲೇರುವ ಮೊದಲು ದಾರಿಯ ತಳಕು ಮುಟ್ಟಬೇಕಂತೆ.

ರಿಜಿಸ್ಟ್ರಾರ್ ಆದ ನಾನು ಸಂಪೂರ್ಣ ನಿಷ್ಪಕ್ಷಪಾತಿ. ಮೂವರಲ್ಲಿ ಒಬ್ಬರು ನನ್ನ ಹೆಂಡತಿ ಎಂಬುದು ಕೇವಲ ಆಕಸ್ಮಿಕ. ಅದನ್ನು ಯಾರೂ ಮನಸ್ಸಿಗೆ ತಂದುಕೊಳ್ಳಬಾರದು. ನಾನಂತೂ ತಂದುಕೊಂಡೇ ಇಲ್ಲ. ಒಂದು ಮಾತು ಮಾತ್ರ ಮೊದಲೇ ಹೇಳಿಬಿಡುತ್ತೇನೆ: ಮೊದಲ ಇಬ್ಬರು ಅತ್ಯುತ್ತಮರು. ಸಾಹುಕಾರರು ಅವರಿಬ್ಬರಲ್ಲೇ ಯಾರನ್ನಾದರೂ ಒಪ್ಪಿಕೊಂಡರೆ ಮೂರನೆಯವರ ವಿಷಯ ಎತ್ತುವ ಅಗತ್ಯವೇ ಬೀಳುವುದಿಲ್ಲ, ಎತ್ತುಗಳಿಗೂ ಕಾಯುವ ಶ್ರಮ ತಪ್ಪುತ್ತದೆ.

ಇನ್ನು, ನನ್ನ ಮೈಮೇಲಿರುವ ಈ ವಸ್ತುವನ್ನು ಕಂಡು ಹೆಂಗಸರ ಕಡೆಯಿಂದ ನಗು ಬರುತ್ತಿದೆ. ಇದು ಸೀರೆಯಲ್ಲ, ಗೌನು. ಮೈಸೂರಿನ ವಿಶ್ವವಿದ್ಯಾನಿಲಯದಲ್ಲಿ ಪ್ರೊಫೆಸರುಗಳು ಕರಿಯ ಗೌನು ತೊಡುತ್ತಾರೆಂದು ಪತ್ರಿಕೆಯಲ್ಲಿ ಬಂದದ್ದನ್ನು ನಾನೇ ಇಲ್ಲಿ ಓದಿ ಹೇಳಿದೆ. ಛಾನ್ಸಲರರು ಮರುದಿನವೇ ಮಗ್ಗಕ್ಕೆ ಕರಿಯ ರೇಷ್ಮೆ ಏರಿಸಿದರು. ಆದರೆ ತಲೆಮಾರುಗಳಿಂದ ಸೀರೆ ನೇಯ್ದ ಕೈ ಅದು. ಅಂಚಿಲ್ಲದ ಬಟ್ಟೆಯನ್ನು ಅದು ಹೇಗೆ ನೇಯ್ದೀತು? ನೇಯುತ್ತ ನೇಯುತ್ತ ಎರಡು ಕಡೆಗೂ ಕೆಂಪು ಅಂಚು ಬಂತು. ಅಂಚು ಬಂದ ಮೇಲೆ ಸೆರಗು ಬಾರದೆ ಇದ್ದೀತೇ? ಸೆರಗೂ ಬಂತು. "ಏಮಯ್ಯಾ, ಸೆರಗಿಲ್ದೆ ಬಟ್ಟೆ ಮುಗಿಯೋದೆಂಗೆ? ಬಾಲ ಇಲ್ದಿದ್ ಹಸ ಆಗ್ತೈತೆ," ಎಂದು ಅವರು ತಮ್ಮ ತೆಲುಗು ಬೆರೆತ ಕನ್ನಡದಲ್ಲಿ ನನ್ನನ್ನೇ ಗದರಿಸಿದರು. ಆದ್ದರಿಂದ ಸಭಿಕರೇ, ಅಂಚು ಸೆರಗು ಇರುವ ಗೌನು ಈ ಭೂಮಂಡಲದಲ್ಲಿ ಇದೊಂದೇ. ಮಾತನಾಡುವಾಗ ಸೆರಗನ್ನು ಎಲ್ಲಿಡಬೇಕು ಎಂಬ ಬಗ್ಗೆ ಮಾತ್ರ ಇನ್ನೂ ನಿಯಮಾವಳಿ ಆಗಿಲ್ಲ.

ಈ ವಿಶ್ವವಿದ್ಯಾನಿಲಯ ಹುಟ್ಟಿದ್ದು ಹೇಗೆ? ನಿಜ ಹೇಳಬೇಕೆಂದರೆ, ಸುಣ್ಣದಿಂದ. ಮೈಸೂರಿಗೆ ವಿಶ್ವವಿದ್ಯಾನಿಲಯ ಬಂತು ಎಂಬ ಸುದ್ದಿ ತಿಳಿದ ದಿನ, ಈ ಮಗ್ಗದ ಮನೆಯ ಹೊರಗೋಡೆಯ ಮೇಲೆ ನಾನು ಸುಣ್ಣದಲ್ಲಿ ದೊಡ್ಡದಾಗಿ 'ಮೊಳಕಾಲ್ಮೂರು ವಿಶ್ವವಿದ್ಯಾನಿಲಯ' ಎಂದು ಬರೆದೆ. ತಮಾಷೆಗೆಂದೇ ಬರೆದೆ. ಮರುದಿನ ಬಂದು ನೋಡಿದರೆ ಬಾಗಿಲಲ್ಲಿ ಜನ! "ಪಾಠ ಯಾವಾಗ ಶುರು?" ಎಂದು ಕೇಳುತ್ತ ನಿಂತಿದ್ದಾರೆ. ತಮಾಷೆ ಮಾಡಿದವನು ಅಳಿಸಿ ಓಡಬಹುದಿತ್ತು. ಆದರೆ ಛಾನ್ಸಲರರು ಬಿಡಬೇಕಲ್ಲ? "ಬರ್ದೋನು ನೀನು, ನಡ್ಸೋನೂ ನೀನೇ," ಎಂದರು. ಹಾಗೆ ನಾನು ರಿಜಿಸ್ಟ್ರಾರ್ ಆದೆ.

ವಿಜ್ಞಾನ ವಿಭಾಗ ನಮ್ಮಲ್ಲಿಲ್ಲ. ಅದಕ್ಕೆ ಗಾಜಿನ ಬುಡ್ಡಿ, ತಕ್ಕಡಿ, ಒಲೆ ಇವೆಲ್ಲ ಬೇಕು. ಮನುಷ್ಯರ ವಿಷಯ ಕಲಿಸಲು ಮನುಷ್ಯರೇ ಸಾಕು. ಆದ್ದರಿಂದ ಚರಿತ್ರೆ, ತರ್ಕ, ಸಾಹಿತ್ಯ ಎಂಬ ಮೂರು ವಿಭಾಗಗಳು. ಮೈಸೂರಿನಲ್ಲಿ ಪ್ರೊಫೆಸರುಗಳು ಎತ್ತರದ ವೇದಿಕೆಯ ಮೇಲೆ ನಿಲ್ಲುತ್ತಾರಂತೆ. ನಮ್ಮಲ್ಲಿ ವಿದ್ಯಾರ್ಥಿಗಳು ಸೊಂಟದವರೆಗೆ ಗುಂಡಿಯಲ್ಲಿ ಇಳಿದು ಕೂರುತ್ತಾರೆ. ಕೈಯಲ್ಲಿ ಲಾಳಿ, ಕಾಲಲ್ಲಿ ತುಳಿಗೆ, ಬಿಡುವಾಗಿರುವುದು ಕಿವಿಗಳು ಮಾತ್ರ. ಪಾಠದ ನಡುವೆ ಎದ್ದು ಹೋಗುವಂತಿಲ್ಲ; ಎದ್ದರೆ ಎಳೆ ಹರಿಯುತ್ತದೆ. ಇಂಥ ಶಿಸ್ತು ಯಾವ ಮೈಸೂರಿನಲ್ಲಿದೆ?

ಈಗ ಪ್ರೊಫೆಸರುಗಳು.

ಚರಿತ್ರೆಯ ಪ್ರೊಫೆಸರ್ ಬೊಮ್ಮಯ್ಯನವರು. ಬ್ರಹ್ಮಗಿರಿಯ ಬುಡದ ಸಿದ್ದಾಪುರದವರು. ಶಾಲೆಯಲ್ಲಿ ಓದಿದ್ದು ಮೂರನೆಯ ತರಗತಿ. ಅವರು ಶಾಲೆ ಬಿಟ್ಟರು ಎಂದು ಕೆಲವರು ಹೇಳುತ್ತಾರೆ; ಅಪಪ್ರಚಾರ. ಶಾಲೆಯೇ ಅವರನ್ನು ಬಿಟ್ಟಿತು. ಆದರೆ ಅವರ ನಿಜವಾದ ವಿದ್ಯಾಭ್ಯಾಸ ಅದಕ್ಕೂ ಬಹಳ ಹಿಂದೆ, ತಾಯಿಯ ಹೊಟ್ಟೆಯಲ್ಲೇ ಮುಗಿದಿತ್ತು. ಹೇಗೆಂದರೆ, ಬೆಟ್ಟದ ಬುಡದಲ್ಲಿ ಹಳೆಯ ಅಕ್ಷರ ಕೆತ್ತಿದ ಗುಂಡು ಇದೆಯಲ್ಲ, ಅದರ ಮೇಲೆ ನೀರು ಸುರಿದು, ಆ ನೀರನ್ನು ಹಿಡಿದು ಕುಡಿಸಿದರೆ ಹೆರಿಗೆ ಸಲೀಸು ಎಂದು ಇವರ ಅಜ್ಜಿ ನಂಬಿದ್ದರು. ತುಂಬುಗರ್ಭಿಣಿಗೆ ಚೊಂಬುಗಟ್ಟಲೆ ಕುಡಿಸಿದರು. ಯೋಚಿಸಿ ನೋಡಿ! ಪಂಡಿತರು ಕನ್ನಡಕ ಹಾಕಿಕೊಂಡು ವರ್ಷಗಟ್ಟಲೆ ಓದಲು ತಿಣುಕುವ ಲಿಪಿಯನ್ನು ಇವರು ಹುಟ್ಟುವ ಮೊದಲೇ ಕುಡಿದು ಮುಗಿಸಿದ್ದರು.

ಮುಂದೆ ಅಧಿಕಾರಿಗಳು ಬಂದು ಆ ಬಂಡೆಗೆ ಒದ್ದೆ ಕಾಗದ ಬಡಿದು ಅಚ್ಚು ತೆಗೆದಾಗ, ಅವರಿಗೆ ಕೊಡೆ ಹಿಡಿದು ನಿಂತವರು ಇದೇ ಬೊಮ್ಮಯ್ಯನವರು. ಬರೆದಿರುವುದು ಏನೆಂದು ಕೇಳಿ ತಿಳಿದುಕೊಂಡರು. ಅವರ ಮೊದಲ ಉಪನ್ಯಾಸ ನನಗೆ ಇನ್ನೂ ಕಿವಿಯಲ್ಲಿದೆ. "ಆ ರಾಜ ಬಂಡೆ ಮ್ಯಾಲೆ ಏನ್ ಬರ್ಸವ್ನೆ ಗೊತ್ತೇನ್ರಪಾ? ಅಪ್ಪ ಅವ್ವನ ಮಾತು ಕೇಳ್ರಿ ಅಂತ. ಇಷ್ಟು ಹೇಳಾಕೆ ಬಂಡೆ ಬೇಕಿತ್ತಾ? ನಮ್ಮವ್ವ ಪೊರಕೇಲೇ ಹೇಳ್ತಿದ್ಲು." ಆ ದಿನ ನಾಲ್ಕು ಮಗ್ಗಗಳೂ ನಿಂತು ನಕ್ಕವು.

ಸಾಹುಕಾರರೇ, ಇಂಥವರು ನಿಮ್ಮ ಶಾಲೆಗೆ ಬೇಡವೇ? ಈಗ ಅವರು ಕಣ್ಣು ಮುಚ್ಚಿ, ಬಾಯಿ ತೆರೆದು, ಗಂಟಲಿನಿಂದ ಒಂದು ಬಗೆಯ ಶಬ್ದ ಹೊರಡಿಸುತ್ತಿರುವುದು ನಿದ್ರೆಯಲ್ಲ. ಪ್ರಾಚೀನ ಕಾಲದ ಚಿಂತನೆ. ಗಾಡಿಗೆ ಎತ್ತಿ ಹಾಕಿದರೂ ಎಚ್ಚರವಾಗುವುದಿಲ್ಲ, ಸಾಗಣೆ ಸುಲಭ.

ತರ್ಕದ ಪ್ರೊಫೆಸರ್ ಪಾತಣ್ಣನವರು. ಇವರ ವಿದ್ಯಾಭ್ಯಾಸ ನಡೆದದ್ದು ಚಿತ್ರದುರ್ಗದ ಕೋರ್ಟಿನ ಜಗಲಿಯ ಮೇಲೆ. ಅಣ್ಣತಮ್ಮಂದಿರ ನಡುವೆ ಒಂದು ಹುಣಸೆಮರದ ವ್ಯಾಜ್ಯ. ವ್ಯಾಜ್ಯ ಶುರುವಾದಾಗ ಮರ ಕಾಯಿ ಬಿಡುತ್ತಿತ್ತು. ನಡುವೆ ಒಣಗಿತು. ಆಮೇಲೆ ಗಾಳಿಗೆ ಬಿತ್ತು. ಯಾರೋ ಸೌದೆ ಮಾಡಿಕೊಂಡು ಹೋದರು. ವ್ಯಾಜ್ಯ ಮಾತ್ರ ಇವತ್ತಿಗೂ ಹಸಿರಾಗಿದೆ. "ಮರಾನೇ ಇಲ್ವಲ್ಲ ಪಾತಣ್ಣ, ಇನ್ನೇತಕ್ಕೆ ಬಡಿದಾಟ?" ಎಂದು ನಾನು ಕೇಳಿದ್ದೆ. "ಲೇ, ಮರ ಇದ್ದಾಗ ಹುಣಸೇಹಣ್ಣಿಗೆ ಜಗಳ ಆಡ್ತಿದ್ವಿ. ಈಗ ನ್ಯಾಯಕ್ಕೆ ಆಡ್ತಿದೀವಿ. ಯಾವ್ದು ದೊಡ್ಡದು ನೀನೇ ಹೇಳು," ಎಂದರು. ವಸ್ತುವಿಲ್ಲದೆಯೂ ವಾದ ಇರಬಲ್ಲದು ಎಂಬ ಈ ಸೂಕ್ಷ್ಮ ತತ್ತ್ವವನ್ನು ಹಳೆಯ ಶಾಸ್ತ್ರಕಾರರು ಎಷ್ಟು ಓಲೆಗರಿ ಖರ್ಚು ಮಾಡಿ ಹೇಳುತ್ತಿದ್ದರೋ!

ಪಾತಣ್ಣನವರು ಚಳ್ಳಕೆರೆಗೆ ಬರಲು ತುದಿಗಾಲಲ್ಲಿ ನಿಂತಿದ್ದಾರೆ. ದುರ್ಗ ಹತ್ತಿರವಾಗುತ್ತದೆ. ಒಂದೇ ಷರತ್ತು: ಕೋರ್ಟಿನ ವಾಯಿದೆಯ ದಿನ ಶಾಲೆಗೆ ರಜೆ. ಒಂದು ಸಣ್ಣ ಲಾಭವೂ ಇದೆ, ಅದನ್ನು ಮರೆಮಾಚಲಾರೆ. ಇವರ ಕೈಯಲ್ಲಿ ಕಲಿತ ಹೆಣ್ಣುಮಗಳನ್ನು ಮದುವೆಯಾದವನು ಜೀವಮಾನದಲ್ಲಿ ಒಂದು ಜಗಳವನ್ನೂ ಗೆಲ್ಲಲಾರ. ಸಾಹುಕಾರರು ಯಾಕೋ ತಲೆ ಅಲ್ಲಾಡಿಸುತ್ತಿದ್ದಾರೆ. ಅಡ್ಡಡ್ಡವಾಗಿ.

ಹಾಗಾದರೆ ಇಬ್ಬರನ್ನೂ ಒಟ್ಟಿಗೆ ಕರೆದುಕೊಂಡು ಹೋಗಿರಿ. ಒಬ್ಬರ ಸಂಬಳಕ್ಕೆ ಇಬ್ಬರು! ಒಬ್ಬರು ಮಲಗಿದಾಗ ಇನ್ನೊಬ್ಬರು ಮಾತಾಡುತ್ತಾರೆ. ಬೇಡವೇ?

ಬೇಡವಂತೆ.

ಸರಿ. ಮೂರನೆಯವರು. ಎರಡೇ ಮಾತಿನಲ್ಲಿ ಮುಗಿಸುತ್ತೇನೆ. ಸಾಹಿತ್ಯದ ಪ್ರೊಫೆಸರ್, ಸುಲೋಚನಮ್ಮನವರು. ತಳಕಿನ ಶಾಲೆಯ ಮೇಷ್ಟ್ರ ಮಗಳು. ಲೋಯರ್ ಸೆಕೆಂಡರಿ ಪರೀಕ್ಷೆಯಲ್ಲಿ, ಹೇಳಲು ನಾಚಿಕೆಯಾಗುತ್ತದೆ, ಪಾಸಾಗಿದ್ದಾರೆ. ನಮ್ಮ ವಿಶ್ವವಿದ್ಯಾನಿಲಯಕ್ಕೆ ಇರುವ ಕಪ್ಪುಚುಕ್ಕೆ ಇದೊಂದೇ. ಛಾನ್ಸಲರರು, ರಿಜಿಸ್ಟ್ರಾರರು, ಇಬ್ಬರು ಪ್ರೊಫೆಸರುಗಳು, ಒಬ್ಬರಾದರೂ ಯಾವ ಪರೀಕ್ಷೆಯನ್ನೂ ಪಾಸು ಮಾಡಿದವರಲ್ಲ. ಇವರೊಬ್ಬರು ಹೀಗೆ ಮಾಡಿಬಿಟ್ಟರು. ದಯವಿಟ್ಟು ಹೊರಗೆ ಹೇಳಬೇಡಿ.

ಅದೇ ಪರೀಕ್ಷೆಗೆ, ದುರ್ಗದಲ್ಲಿ, ನಾನೂ ಕಟ್ಟಿದ್ದೆ. ಹೆಣ್ಣು ನೋಡಲು ತಳಕಿಗೆ ಹೋದಾಗ ಮೇಷ್ಟ್ರು, "ಹುಡುಗಿ ಲೋಯರ್ ಸೆಕೆಂಡರಿ ಪಾಸು," ಎಂದರು. ಅವ್ವ ಒಂದು ಕ್ಷಣವೂ ತಡಮಾಡಲಿಲ್ಲ. "ಅಯ್ಯೋ, ನಮ್ಮ ಹುಡುಗನೂ ಅದಕ್ಕೇ ಕಟ್ಟಿದ್ದ್ನಲ್ಲ!" ಎಂದಳು. ಅವ್ವ ಸುಳ್ಳು ಹೇಳುವವಳಲ್ಲ. ಮೇಷ್ಟ್ರು ಮುಂದೆ ಕೇಳಲಿಲ್ಲ. ಕೇಳಿದ್ದರೆ ಅವ್ವ ಹೇಳುತ್ತಿದ್ದಳು.

ಎರಡು ಮಾತು ಮುಗಿಯಿತು. ಕುಳಿತುಕೊಳ್ಳಬೇಕು.

ಆದರೆ ನೇಮಕ ಹೇಗಾಯಿತು ಎಂಬುದನ್ನು ಹೇಳದಿದ್ದರೆ ಸ್ವಂತ ಹೆಂಡತಿಯನ್ನು ಒಳಗೆ ಸೇರಿಸಿಕೊಂಡ ಎಂಬ ಅಪವಾದ ಬರುತ್ತದೆ. ಆದ್ದರಿಂದ ಇನ್ನೊಂದು ಮಾತು. ನಮ್ಮ ಮನೆಗೂ ಈ ಮಗ್ಗದ ಮನೆಗೂ ನಡುವೆ ಇರುವುದು ಒಂದೇ ಗೋಡೆ, ಅದರಲ್ಲೊಂದು ಸಣ್ಣ ಗವಾಕ್ಷಿ. ಗೋಡೆಯ ಈಚೆ ನಾನು ನೇಕಾರರಿಗೆ ಕಾವ್ಯ ಓದುತ್ತಿದ್ದೆ. ಆಚೆ ಅವರು ರಾಟೆ ತಿರುಗಿಸುತ್ತ ಲಾಳಿಯೊಳಗೆ ಹಾಕುವ ರೇಷ್ಮೆಯ ಕಂಡಿಕೆ ಸುತ್ತುತ್ತಿದ್ದರು. ನಾನು ತಪ್ಪು ಓದಿದೆನೋ, ಆಚೆ ರಾಟೆ ನಿಲ್ಲುತ್ತಿತ್ತು. ಮಾತಿಲ್ಲ, ಕೆಮ್ಮಿಲ್ಲ, ಗುಂಯ್‌ಗುಡುತ್ತಿದ್ದ ರಾಟೆ ಸುಮ್ಮನಾಗುತ್ತಿತ್ತು ಅಷ್ಟೆ. ತಿದ್ದಿ ಓದಿದರೆ ಮತ್ತೆ ಹೊರಡುತ್ತಿತ್ತು. ನಾನು ಇದನ್ನು ಆಕಸ್ಮಿಕವೆಂದು ನಂಬಲು ಬಹಳ ಪ್ರಯತ್ನಪಟ್ಟೆ. ಆದರೆ ನೇಕಾರರ ಕಿವಿ ಸೂಕ್ಷ್ಮ. ಗುಂಡಿಯೊಳಗಿಂದಲೇ ಕೂಗುತ್ತಿದ್ದರು: "ಲೇ, ರಾಟೆ ನಿಂತ್ಕಂತು. ಹಿಂದಕ್ಕೋಗು!"

ಒಂದು ದಿನ ಪರೀಕ್ಷಿಸಲೆಂದೇ, ಯುದ್ಧಕ್ಕೆ ಹೊರಟ ಆನೆ ಕುದುರೆಗಳ ನಡುವೆ ನಾನು ಒಂದು ಎಮ್ಮೆ ಸೇರಿಸಿದೆ. ಛಂದಸ್ಸು ಕೆಡದಂತೆ, ಬಹಳ ಗಂಭೀರವಾಗಿ. ರಾಟೆ ನಿಂತಿತು. ನಾನು ಬಿಡಲಿಲ್ಲ, ಎಮ್ಮೆಗೆ ಚಿನ್ನದ ಗೆಜ್ಜೆ ತೊಡಿಸಿ ಸೇನಾಪತಿಯನ್ನು ಮೇಲೆ ಕೂರಿಸಿದೆ. ಆಗ ಗೋಡೆಯ ಆಚೆಯಿಂದ ನಗು ಕೇಳಿಸಿತು. ತಡೆಯಲು ನೋಡಿ ತಡೆಯಲಾಗದೆ ಬಂದ ನಗು. ಮದುವೆಯಾಗಿ ಅಷ್ಟು ದಿನವಾಗಿತ್ತು, ಸಭಿಕರೇ, ತುಂಬಿದ ಮನೆ, ಸದಾ ಹಿರಿಯರ ಮುಂದೆ; ಅವರ ನಗು ನಾನು ಕೇಳಿದ್ದು ಅದೇ ಮೊದಲು. ಆಮೇಲೆ ದಿನವೂ ಕಾವ್ಯಕ್ಕೆ ಎಮ್ಮೆ ಬರತೊಡಗಿತು. ಸ್ವಯಂವರಕ್ಕೆ ಬಂತು, ವನವಾಸಕ್ಕೆ ಬಂತು.

ಇದನ್ನು ನಾನು ಯಾಕೆ ಹೇಳುತ್ತಿದ್ದೇನೆ? ನೇಮಕದ ವಿಷಯಕ್ಕೆ. ಕೊನೆಗೆ ಛಾನ್ಸಲರರೇ ಲಾಳಿ ಕೆಳಗಿಟ್ಟರು. "ಏಮಯ್ಯಾ ರಿಜಿಸ್ಟ್ರಾರೂ, ಎಲ್ಲಾ ಯುದ್ಧದಾಗೂ ಎಮ್ಮೆ ಎಂದುಕಯ್ಯಾ? ತಪ್ಪು ಓದೋನು ನೀನು, ತಿದ್ದೋದು ಆಯಮ್ಮ. ನಡುವೆ ನೀನ್ಯಾಕೆ? ಆಯಮ್ಮನೇ ಓದ್ಲಿ!" ಅಂದಿನಿಂದ ಗವಾಕ್ಷಿಯ ಆಚೆಯಿಂದ ಓದು ಕೇಳತೊಡಗಿತು. ಆಮೇಲೆ ಕಂಡಿಕೆ ಸುತ್ತುವ ಹುಡುಗಿಯರು ಅವರ ಸುತ್ತ ಕೂತರು. ಕಂಡಿಕೆಯ ಜೊತೆಗೇ ಅಕ್ಷರ ಕಲಿತರು. ಮೊಸರು ಮಾರುವ ಕರಿಯಕ್ಕ ಗಡಿಗೆ ಹೊತ್ತುಕೊಂಡೇ ಬಾಗಿಲಲ್ಲಿ ನಿಂತು, "ಆ ರಾಣಿ ಗತಿ ಏನಾತವ್ವ? ಅದು ಗೊತ್ತಾಗೋಗಂಟ ನಾನು ಪ್ಯಾಟೆಗೋಗಲ್ಲ," ಎನ್ನುತ್ತಿದ್ದಳು. ಊರಿನ ಮೊಸರೆಲ್ಲ ಹುಳಿಯಾಯಿತು. ಯಾರೂ ದೂರಲಿಲ್ಲ, ದೂರಬೇಕಾದವರೂ ರಾಣಿಯ ಗತಿ ತಿಳಿಯಲು ಇಲ್ಲೇ ನಿಂತಿದ್ದರು.

ಮಗಳ ಮದುವೆಗೆ ಸೀರೆ ಕೊಳ್ಳಲು ಶಿವಮೂರ್ತಪ್ಪನವರು ಬಂದದ್ದೂ ಅಂಥದೇ ಒಂದು ಮಧ್ಯಾಹ್ನ. ಕಂಬಳಿಯ ಒಂದೊಂದು ಎಳೆಗೂ ಚೌಕಾಸಿ ಮಾಡುವ ಸಾಹುಕಾರರು ಅಂದು ಗೋಡೆಯ ಕಡೆಗೆ ಕಿವಿ ಕೊಟ್ಟು ಕುಳಿತವರು, ಛಾನ್ಸಲರರು ಹೇಳಿದ ಬೆಲೆಗೇ ಸೀರೆ ಮಡಿಸಿಕೊಂಡು ಎದ್ದರು. ಛಾನ್ಸಲರರು ಆ ಆಘಾತದಿಂದ ಇನ್ನೂ ಚೇತರಿಸಿಕೊಂಡಿಲ್ಲ. ಸಾಹುಕಾರರೇ, ನೀವು ಯಾರನ್ನು ಆರಿಸಲು ಬಂದಿದ್ದೀರಿ ಎಂಬುದು ಈ ಸಭೆಯಲ್ಲಿ ಗೊರಕೆ ಹೊಡೆಯುತ್ತಿರುವ ಬೊಮ್ಮಯ್ಯನವರಿಗೂ ಗೊತ್ತು. ಗೊತ್ತಿಲ್ಲದವನಂತೆ ನಿಂತಿದ್ದವನು ನಾನೊಬ್ಬನೇ.

ಸಾಹುಕಾರರು ಒಂದು ಮಾತು ಹೇಳಿದ್ದಾರೆ. ಶಾಲೆಯ ಪಕ್ಕದಲ್ಲೇ ಮನೆ ಕೊಡುತ್ತಾರೆ, ಆದರೆ ಹೆಣ್ಣುಮಗಳು ಒಬ್ಬಂಟಿಯಾಗಿ ಬರುವುದು ಬೇಡ, ಮನೆಯವರು ಯಾರಾದರೂ ಜೊತೆಗಿರಬೇಕು. ನ್ಯಾಯವಾದ ಮಾತು. ಈ ಮಾತು ನಮ್ಮ ಮನೆಗೆ ಬಂದ ದಿನ ಅವ್ವ ಹೇಳಿದಳು: "ಸೊಸೆ ಹೋದ್ರೆ ಹೋಗ್ಲಿ, ಊರು ನೋಡ್ತಾಳೆ. ನೀನೂ ಹಿಂದಿಂದೆ ಹೋದ್ರೆ ಊರು ನಿನ್ನ ನೋಡ್ತೈತೆ." ಪಾತಣ್ಣನವರು ಅದಕ್ಕೆ ಟೀಕೆ ಬರೆದರು: "ಲೇ, ಇಲ್ಲಿ ರಿಜಿಸ್ಟ್ರಾರ್ ಅಂತಾರೆ ನಿನ್ನ. ಅಲ್ಲಿ ಮೇಷ್ಟ್ರಮ್ಮನ ಗಂಡ ಅಂತಾರೆ, ನೋಡ್ಕೋ!"

ನಾನು ನೋಡಿಕೊಂಡೆ. ಆದ್ದರಿಂದಲೇ ಬೊಮ್ಮಯ್ಯನವರನ್ನು ಅಷ್ಟು ಹೊಗಳಿದೆ.

ಇವತ್ತು ಬೆಳಿಗ್ಗೆ ನಾನು ಸುಲೋಚನಮ್ಮನವರನ್ನು ಕೇಳಿದೆ. "ನಾನು ಬರಬೇಕಾ? ಬಾ ಅಂದ್ರೆ ಬರ್ತೀನಿ," ಎಂದೆ. ಬಹಳ ಉದಾರವಾಗಿ ಕೇಳಿದೆ ಎಂದುಕೊಂಡಿದ್ದೆ. ಅವರು ರಾಟೆ ನಿಲ್ಲಿಸಲಿಲ್ಲ. "ನಾನು ಕರೆಯಲ್ರಿ. ಕರೆಸ್ಕೊಂಡು ಬಂದೋರು ಮುಂದೊಂದಿನ, ನೀನು ಕರೆದಿದ್ದಕ್ಕೆ ಬಂದೆ ಅಂತಾರೆ," ಎಂದರು. ಆಮೇಲೆ, "ಸಭೇಲಿ ನನ್ನ ಬಗ್ಗೆ ಏನಾದ್ರೂ ಹೇಳ್ರಿ. ತಮಾಷೆ ಬ್ಯಾಡ ಅಂತಿಲ್ಲ. ಬರೀ ತಮಾಷೆ ಬ್ಯಾಡ," ಎಂದರು.

ಅಧ್ಯಕ್ಷರೇ, ಪ್ರೊಫೆಸರುಗಳೇ, ಸಭಿಕರೇ! ಸ್ವಂತ ಹೆಂಡತಿಯನ್ನು ತುಂಬಿದ ಸಭೆಯಲ್ಲಿ, ಹೆತ್ತ ತಾಯಿಯ ಎದುರಿಗೆ ಹೊಗಳುವುದು ನಮ್ಮ ಸೀಮೆಯಲ್ಲಿ ಉಂಟೇ? ಇಲ್ಲ. ನಮ್ಮಪ್ಪ ಹೊಗಳಿದ್ದನೇ? ಇಲ್ಲ. ನೀವು ಯಾರಾದರೂ ಹೊಗಳಿದ್ದೀರಾ? ಕೈ ಎತ್ತಿ. ಒಂದು ಕೈಯೂ ಇಲ್ಲ. ಗುಂಡಿಯಲ್ಲಿ ಕಾಲು ಸಿಕ್ಕಿಸಿಕೊಂಡವರದ್ದೂ ಇಲ್ಲ. ಸರಿ, ನಾನೇ ಮೊದಲಿಗನಾಗುತ್ತೇನೆ. ಈ ಗೋಡೆಯ ಮೇಲೆ ನಾನು ಬರೆದದ್ದು ತಮಾಷೆ. ಅದನ್ನು ನಿಜ ಮಾಡಿದವರು ಸುಲೋಚನಮ್ಮ. ಈ ಮನೆಗಳಲ್ಲಿ ಹೆಂಗಸು ಕಂಡಿಕೆ ಸುತ್ತಿ ಕೊಡದಿದ್ದರೆ ಗಂಡಸು ಲಾಳಿಗೆ ಏನು ಹಾಕಿ ನೇಯುತ್ತಾನೆ? ಅವಳ ಹಿಂದೆಯೇ ಅಲ್ಲವೇ ನಮ್ಮ ಕೆಲಸವೆಲ್ಲ ಹೊರಟಿರುವುದು? ಹಾಗಿರುವಾಗ ಅವಳ ಹಿಂದೆ ಚಳ್ಳಕೆರೆಯವರೆಗೆ ಹೋದರೆ ಮಾತ್ರ ಮಾನ ಹೋಗುವುದು ಹೇಗೆ? ಪಾತಣ್ಣನವರೇ, ಇದಕ್ಕೆ ತರ್ಕ ಹೇಳಿ. ಹೇಳಲಾಗುವುದಿಲ್ಲ! ದುರ್ಗದ ಕೋರ್ಟಿಗೆ ಈ ಸುದ್ದಿ ಮುಟ್ಟಿಸಿರಿ.

ಆದ್ದರಿಂದ ಸಾಹುಕಾರರೇ, ಮೊದಲ ಇಬ್ಬರ ಬಗ್ಗೆ ಮಾಡಿದ ಶಿಫಾರಸನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಅವರನ್ನು ಇಲ್ಲೇ ಬಿಟ್ಟುಬಿಡಿ. ಛಾನ್ಸಲರರಿಗೆ ನಗಲು ಯಾರಾದರೂ ಬೇಕು. ನಿಮಗೆ ಬೇಕಾದವರು ಮೂರನೆಯವರೇ. ಅವರ ಜೊತೆಗಿರಲು ಮನೆಯವರೊಬ್ಬರು ಬೇಕಲ್ಲ, ಆ ಜಾಗಕ್ಕೆ ನಾನು ಈ ಸಭೆಯ ಮೂಲಕ ಅರ್ಜಿ ಹಾಕುತ್ತಿದ್ದೇನೆ. ವಿದ್ಯಾಭ್ಯಾಸದ ಹಿನ್ನೆಲೆ: ಲೋಯರ್ ಸೆಕೆಂಡರಿ, ನಪಾಸು. ಅವರು ಕರೆದಿಲ್ಲ, ನಾನಾಗಿಯೇ ಹೊರಟಿದ್ದೇನೆ. ಇದಕ್ಕೆ ನೀವೆಲ್ಲ ಸಾಕ್ಷಿ. ಮೇಷ್ಟ್ರಮ್ಮನ ಗಂಡ ಎನ್ನುತ್ತಾರೆಯೇ? ಎನ್ನಲಿ! ನನಗೆ ಸಿಕ್ಕ ಮೊದಲ ಪದವಿ ಅದು.

ಅವ್ವಾ, ನಿನ್ನ ಹತ್ತಿರ ಅಣ್ಣ ಅತ್ತಿಗೆ ಇದ್ದಾರೆ, ಅವರ ಮಕ್ಕಳ ಗಲಾಟೆ ಇದೆ. ನನ್ನದೊಂದು ಗಲಾಟೆ ಕಡಿಮೆಯಾದರೆ ನಿನಗೆ ನಿದ್ದೆ ಬಂದೀತು. ಏನು? ಕೇಳಿಸಲಿಲ್ಲ ಅವ್ವ, ಜೋರಾಗಿ ಹೇಳು.

ಸಭಿಕರೇ, ನನ್ನ ತಾಯಿಯವರು ಹೇಳಿದ್ದನ್ನು ಸಭೆಯ ಅವಗಾಹನೆಗೆ ತರುತ್ತೇನೆ. ದಾರಿಗೆ ರೊಟ್ಟಿ, ಚಟ್ನಿಪುಡಿ ಕಟ್ಟಿಕೊಡುತ್ತಾರಂತೆ. ನನಗಲ್ಲ, ಸೊಸೆಗೆ. ಅವಳು ಕೊಟ್ಟರೆ ನಾನು ತಿನ್ನಬಹುದಂತೆ.

ಈಗ ತಾನೇ ಹೆಂಗಸರ ಸಾಲಿನಿಂದ ಒಬ್ಬರು ತಟ್ಟನೆ ಎದ್ದು ಹೋದದ್ದನ್ನು ನೀವೆಲ್ಲ ನೋಡಿದಿರಿ. ಮುಖಕ್ಕೆ ಸೆರಗು ಅಡ್ಡ ಹಿಡಿದಿದ್ದರು, ಸಿಟ್ಟಾಗಿ ಹೋದರು ಎಂದು ಕೆಲವರು ತಿಳಿದಿರಬಹುದು. ಅಲ್ಲ. ಗೋಡೆಯ ಆಚೆ ಕೇಳಿಸುತ್ತಿದೆಯೇ? ಅದು ಟ್ರಂಕು ಎಳೆಯುವ ಸದ್ದು. ನಮ್ಮ ಮನೆಯಲ್ಲಿರುವುದು ಒಂದೇ ಟ್ರಂಕು, ಸಭಿಕರೇ, ಅವರ ಪುಸ್ತಕಗಳೋ ಬಹಳ. ನಾನು ಈ ಕ್ಷಣ ಓಡದಿದ್ದರೆ ನನ್ನ ಎರಡು ಪಂಚೆಗೆ ಅದರಲ್ಲಿ ಜಾಗ ಉಳಿಯುವುದಿಲ್ಲ. ಛಾನ್ಸಲರರಿಗೂ, ಸಾಹುಕಾರರಿಗೂ, ಅವರ ಎತ್ತುಗಳಿಗೂ, ನಿಮಗೆಲ್ಲರಿಗೂ ಸಲ್ಲಬೇಕಾದ ಕೃತಜ್ಞತೆಯನ್ನು ಒಟ್ಟಿಗೇ ಸಲ್ಲಿಸುತ್ತಿದ್ದೇನೆ, ದಯವಿಟ್ಟು ನಿಮ್ಮ ನಿಮ್ಮಲ್ಲಿ ಹಂಚಿಕೊಳ್ಳಿ. ಯಾರಾದರೂ ಈ ಗೌನು ಹಿಡಿದುಕೊಳ್ಳಿ! ದಾರಿ ಬಿಡಿ, ಹಲಗೆ ಜೋಪಾನ, ನಮಸ್ಕಾರ, ನಮಸ್ಕಾರ!